ಹನ್ನೊಂದನೇ ತಟ್ಟೆಯ ಗಿಡ

ಸೋಮವಾರ ಶಿಕಾಮಾ ಕುನಿಯೆ ಆ ಗಿಡದಿಂದ ಕತ್ತರಿಸಿಕೊಂಡದ್ದು ಒಂದೇ ಒಂದು ಎಲೆ. ಮಂಗಳವಾರ ಬೆಳಿಗ್ಗೆ ನೀರು ಹನಿಸಲು ಬಗ್ಗಿದಾಗ ಕತ್ತರಿಸಿದ ತೊಟ್ಟು ಎರಡಿದ್ದವು. ಒಂದು ಅವಳದೇ, ಮೊಂಡು ಕತ್ತರಿಯ ಕೆಲಸ, ಅಂಚು ಜಜ್ಜಿಹೋಗಿತ್ತು. ಇನ್ನೊಂದು ಹೊಸ ಬ್ಲೇಡಿನಿಂದ ಕೊಯ್ದದ್ದು, ನೆಟ್ಟಗೆ, ನುಣ್ಣಗೆ. ಇವತ್ತು ಗುರುವಾರ. ಎರಡು ದಿನದಿಂದ ಆ ನುಣ್ಣನೆಯ ಗಾಯ ಅವಳ ಕಣ್ಣ ಮುಂದಿನಿಂದ ಕದಲಿಲ್ಲ. ಮಿಸೊ ಸಾರಿಗೆ ಈರುಳ್ಳಿ ಸೊಪ್ಪು ಹೆಚ್ಚುವಾಗ ಅದೇ, ಬಸ್ಸಿನ ಮಂಜು ಕಟ್ಟಿದ ಗಾಜಿನ ಮೇಲೆ ಬೆರಳಾಡಿಸುವಾಗಲೂ ಅದೇ. ಕೊಯ್ದದ್ದು ಯಾರು ಎಂದು ತಲೆ ಕೆಡಿಸಿಕೊಳ್ಳಬೇಕಾಗಿರಲಿಲ್ಲ. ಗಿಡಗಳ ಕೋಣೆಯ ಬೀಗದ ಕೈ ಇದ್ದದ್ದು ಮೂವರ ಬಳಿ. ಪ್ರಯೋಗಾಲಯ ನಡೆಸುವ ಪ್ರೊಫೆಸರು ಅಬಿಕೊ ಸೆನ್ಸೇ ಈಗ ಮೊದಲಿನಂತೆ ಬಗ್ಗಿ ಎಲೆ ಕೊಯ್ಯುವವರಲ್ಲ, ಮಾರ್ಚಿಗೆ ನಿವೃತ್ತಿ. ಉಳಿದದ್ದು ತಾನು ಮತ್ತು ಆ ಕಿರಿಯ ಸಂಶೋಧಕಿ ಒರಿಹರ. ಕೊಯ್ಯಲಿ, ಅವಳದೇ ಗಿಡ, ಯಾರು ಬೇಡವೆಂದರು? ಆದರೆ ಪರೀಕ್ಷೆ ಮಾಡಿಕೊಡಿ ಎಂದು ತನ್ನ ಕೈಗೆ ಕೊಟ್ಟ ಗಿಡದಿಂದ, ತನ್ನ ಬೆನ್ನ ಹಿಂದೆ, ತಾನು ಮನೆಗೆ ಹೋದ ಮೇಲೆ ಯಾಕೆ ಕೊಯ್ಯಬೇಕು?

ಬೀಜದ ಕೋಣೆಯಲ್ಲಿ ಕುಳಿತು ಚಹಾ ಸೋಸುವ ಜರಡಿಯಿಂದ ಹೊಟ್ಟು ತೆಗೆಯುತ್ತ ಅವಳು ಇದನ್ನೇ ಮೆಲುಕು ಹಾಕುತ್ತಿದ್ದಳು. ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ. ಸಾಸಿವೆ ಜಾತಿಯ ಒಂದು ಕಳೆ, ಹೊರಗೆ ರಸ್ತೆಯಂಚಿನಲ್ಲಿ ಬೆಳೆದರೆ ಯಾರೂ ತಿರುಗಿ ನೋಡುವುದಿಲ್ಲ; ಅದರ ಬೀಜ ರಾಗಿಗಿಂತಲೂ ಎಷ್ಟೋ ಸಣ್ಣದು, ಉಸಿರು ಜೋರಾಗಿ ಬಿಟ್ಟರೆ ಹಾರಿಹೋಗುತ್ತದೆ. ಗಿಡದ ಒಳಗೇ ಒಂದು ಸ್ಟೀರಾಯ್ಡು ಹುಟ್ಟುತ್ತದೆ. 'ಬೆಳೆ' ಎಂದು ಜೀವಕೋಶಗಳಿಗೆ ಹೇಳುವುದು ಅದು. ಸೆನ್ಸೇಯ ಗಿಡ್ಡ ತಳಿಯಲ್ಲಿ ಅದಕ್ಕೇನೂ ಕೊರತೆಯಿಲ್ಲ, ಬೇಕಾದಷ್ಟಿದೆ, ಆದರೆ ಆ ಮಾತನ್ನು ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳಬೇಕಾದ ಕಿವಿ ಕೆಟ್ಟಿದೆ. ಹೊರಗಿನಿಂದ ಎಷ್ಟು ಸಿಂಪಡಿಸಿದರೂ ಅಷ್ಟೇ. ಕಡುಹಸಿರು ಎಲೆಗಳನ್ನು ಮುದುಡಿಕೊಂಡು ಗಿಡಗಳು ನೆಲ ಕಚ್ಚಿ ಕೂತಿರುತ್ತವೆ. ಅಂಥ ಗಿಡ್ಡ ತಳಿಯ ಬೀಜಕ್ಕೆ ಔಷಧಿ ಕುಡಿಸಿ, ವಂಶವಾಹಿಯನ್ನು ಮತ್ತೆಲ್ಲೋ ಇನ್ನೊಂದು ಕಡೆ ಕೆಡಿಸಿ, ಸಾವಿರಗಟ್ಟಲೆ ಬಿತ್ತಿ, ಇವುಗಳಲ್ಲಿ ಯಾವುದಾದರೂ ಬೇರೆ ದಾರಿಯಿಂದ ಆ ಮಾತನ್ನು ಕೇಳಿಸಿಕೊಂಡು ಎದ್ದು ನಿಂತೀತೇ ಎಂದು ಎರಡು ವರ್ಷದಿಂದ ಕಾಯುತ್ತಿದ್ದರು. ಅಕ್ಟೋಬರಿನಲ್ಲಿ ಹನ್ನೊಂದನೇ ತಟ್ಟೆಯಲ್ಲಿ ಒಂದು ನಿಂತಿತು. ಕುಳ್ಳರ ನಡುವೆ ಒಬ್ಬನೇ, ಗೇಣುದ್ದ, ತುದಿಯಲ್ಲಿ ಬಿಳಿ ಹೂ. ಮೊದಲು ಕಂಡವಳು ಒರಿಹರ. ಕಂಡೊಡನೆ ಕೂಗಿಕೊಂಡಳು. ಸೆನ್ಸೇ ಸ್ಲಿಪ್ಪರು ಮರೆತು ಬರಿಗಾಲಲ್ಲಿ ಓಡಿಬಂದರು. ಅವತ್ತು ಸಂಜೆ ಮೂವರೂ ಕೆಂಪು ಹುರುಳಿ ತುಂಬಿದ ಕಡುಬು ತಿಂದರು. ಕುನಿಯೆಗೂ ಸಂತೋಷವಾಗಿತ್ತು, ಸುಳ್ಳೇಕೆ ಹೇಳಬೇಕು. ಆದರೆ ಕಡುಬು ತಿನ್ನುವಾಗ ಅವಳು ಒರಿಹರಳ ಮುಖ ನೋಡಿದಳು. ಆ ಹುಡುಗಿ ಕುನಿಯೆಯ ಮುಖ ನೋಡುತ್ತಿರಲಿಲ್ಲ, ಕುನಿಯೆಯ ಅಂಗಿಯ ತೋಳು ನೋಡುತ್ತಿದ್ದಳು.

ಅದು ಹೊಸತಲ್ಲ. ಟೋಕಿಯೊದಿಂದ ಬಂದ ಮೊದಲ ಚಳಿಗಾಲದಿಂದಲೂ ಒರಿಹರಳ ಕಣ್ಣು ಬೀಳುವುದು ಅಲ್ಲಿಗೇ. ಕಂದು ಬಣ್ಣದ ಈ ಉಣ್ಣೆ ಅಂಗಿಯನ್ನು ಕುನಿಯೆ ತಾನೇ ಹೆಣೆದದ್ದು, ಹತ್ತು ವರ್ಷದ ಹಿಂದೆ. ತೋಳಿನ ಕೊನೆ ಜುಂಗು ಜುಂಗಾಗಿದೆ ನಿಜ. ಆದರೆ ಬೀಜದ ಕೋಣೆಗೆ ಬಿಸಿಗಾಳಿ ಬಿಡುವಂತಿಲ್ಲ, ನವೆಂಬರಿನಿಂದ ಏಪ್ರಿಲ್‌ವರೆಗೆ ಒಳಗೆ ಕೂತರೆ ಮೂಳೆಯೊಳಗೆ ಚಳಿ ಇಳಿಯುತ್ತದೆ, ಅದು ಟೋಕಿಯೊದವರಿಗೇನು ಗೊತ್ತು. ಕಳೆದ ಡಿಸೆಂಬರಿನಲ್ಲಿ ವರ್ಷಾಂತ್ಯದ ಉಡುಗೊರೆ ಎಂದು ಒರಿಹರ ಒಂದು ಚಪ್ಪಟೆ ಪೊಟ್ಟಣ ಕೊಟ್ಟಿದ್ದಳು. ಎರಡು ಕೈಯಲ್ಲಿ ಹಿಡಿದು, ಸೊಂಟ ಬಗ್ಗಿಸಿ, "ಏನೂ ಅಂದ್ಕೋಬೇಡಿ ಶಿಕಾಮಾ-ಸಾನ್, ಚಳಿಗಾಲದಲ್ಲಿ ಉಪಯೋಗಕ್ಕೆ ಬರುತ್ತೆ" ಎಂದಿದ್ದಳು. ಬಿಚ್ಚಿ ನೋಡಿದರೆ ಒಂದು ಜೊತೆ ತೋಳುಚೀಲ. ಮಣಿಕಟ್ಟಿನಿಂದ ಮೊಣಕೈವರೆಗೆ ಎಳೆದುಕೊಳ್ಳುವ, ಎರಡೂ ತುದಿಗೆ ಎಲಾಸ್ಟಿಕ್ ಇರುವ, ಮೂಲಂಗಿ ತೊಳೆಯುವ ಹಳ್ಳಿ ಮುದುಕಿಯರು ಹಾಕಿಕೊಳ್ಳುವಂಥದ್ದು. ಕುನಿಯೆ ಬಾಯ್ತುಂಬ ಥ್ಯಾಂಕ್ಸ್ ಹೇಳಿ ಅದನ್ನು ಡ್ರಾಯರಿನ ತಳಕ್ಕೆ ತುರುಕಿದ್ದಳು. ಮನೆಗೆ ಹೋಗುವ ದಾರಿಯುದ್ದಕ್ಕೂ ಕಿವಿ ಬಿಸಿಯಾಗಿತ್ತು. ನನ್ನ ಹರಕು ತೋಳು ನೋಡಿ ಕರುಣೆ ಬಂತೋ ತಾಯಿ ನಿನಗೆ? ಮಾರನೆಯ ವಾರ ಅವಳಿಗೆ ಪ್ರತಿಯಾಗಿ ತಾನು ಕೊಟ್ಟದ್ದು ದುಬಾರಿಯ ಸೇಬು, ಒಂದು ಡಜನ್, ಬೇಕೆಂದೇ.

ಅಳತೆಯದೂ ಹಾಗೆಯೇ. ಕುನಿಯೆ ಅಳೆದ ಗಿಡಗಳನ್ನು ಒರಿಹರ ಮತ್ತೆ ಅಳೆಯುತ್ತಿದ್ದಳು. "ಬೇಜಾರು ಮಾಡ್ಕೋಬೇಡಿ, ನಾನೊಂದ್ಸಲ ಅಳೀಲಾ?" ಎನ್ನುತ್ತಿದ್ದಳು. ಅಳೆದು, ತನ್ನ ಪುಸ್ತಕದಲ್ಲಿ ಬರೆದುಕೊಂಡು, ವ್ಯತ್ಯಾಸವಿತ್ತೋ ಇಲ್ಲವೋ ಬಾಯಿ ಬಿಡುತ್ತಿರಲಿಲ್ಲ. ಇಪ್ಪತ್ತೆರಡು ವರ್ಷ ಅಳತೆಗೋಲು ಹಿಡಿದ ಕೈ ಇದು, ಇದರ ಮೇಲೆ ಅನುಮಾನ. ಹಾಗೆ ಅನುಮಾನಿಸುವವರ ಮೇಲೆ ಅನುಮಾನ ಬಂದರೆ ತಪ್ಪೇನು?

ನಿನ್ನೆ ಸಂಜೆ ಪರೀಕ್ಷೆಯ ಫಲ ಬಂತು. ಎಲೆಯ ಡಿಎನ್‌ಎ ಹರಿಸಿದ ಜೆಲ್ಲನ್ನು ನೀಲಿ ದೀಪದ ಮೇಲಿಟ್ಟು ನೋಡಿದರೆ ಗಿಡ್ಡ ತಳಿಯ ಪಟ್ಟೆ ಕೆಳಗೆ ಬರಬೇಕು, ಮಾಮೂಲಿ ಗಿಡದ್ದು ಮೇಲೆ. ಹನ್ನೊಂದನೇ ತಟ್ಟೆಯ ಗಿಡದ್ದು ಮೇಲೆ ನಿಂತಿತ್ತು, ಬೆಳ್ಳಗೆ, ಒಂದೇ ಗೆರೆ. ಅಂದರೆ ಅದು ಎದ್ದು ನಿಂತ ಕುಳ್ಳನೇ ಅಲ್ಲ. ಕಿವಿ ನೆಟ್ಟಗಿರುವ ಮಾಮೂಲಿ ಗಿಡ, ಕುಳ್ಳರ ಪಂಕ್ತಿಯಲ್ಲಿ ಬಂದು ಕೂತಿದೆ. ಕುನಿಯೆ ದೀಪ ಆರಿಸಿ ಮತ್ತೆ ಹಚ್ಚಿ ನೋಡಿದಳು, ಅದೇ ಗೆರೆ. ಒಳಗೆ ಏನೋ ಒಂದು ಬೆಚ್ಚಗೆ ಹರಡಿತು. ಅದು ಸಂತೋಷವೆಂದು ಒಪ್ಪಿಕೊಳ್ಳಲು ಅವಳಿಗೆ ಮನಸ್ಸಾಗಲಿಲ್ಲ. ಬಿತ್ತಿದವಳು ಒರಿಹರ. ಮೊದಲು ಕಂಡವಳು ಒರಿಹರ. ಮಾರ್ಚಿಗೆ ಅವಳ ಅವಧಿ ಮುಗಿಯುತ್ತದೆ, ಒಕಾಯಾಮಾದಲ್ಲೊಂದು ಕಾಯಂ ಕೆಲಸಕ್ಕೆ ಅರ್ಜಿ ಹಾಕಿದ್ದಾಳೆ, ಸೆನ್ಸೇಯ ಶಿಫಾರಸು ಪತ್ರ ಇವತ್ತಿನ ಅಂಚೆ ಮುದ್ರೆ ಬಿದ್ದು ಹೋಗಬೇಕು. ಮೋಸಕ್ಕೆ ಒಂದು ಬೀಜ ಸಾಕು. ಬೆರಳ ತುದಿಯಲ್ಲಿ ಒಂದೇ ಒಂದು ಬೀಜ.

ಹಾಗಾಗಿ ಇವತ್ತು ಬೆಳಿಗ್ಗೆ ಹತ್ತಕ್ಕೆ ಅವಳು ಸೆನ್ಸೇಯ ಕೋಣೆಗೆ ಹೋದಳು. ಯಾವತ್ತಿನಂತೆ ಬಾಗಿಲನ್ನು ಅರ್ಧ ತೆರೆದೇ ಬಿಟ್ಟು, ಮೇಜಿನ ಮೇಲೆ ಜೆಲ್ಲಿನ ಚಿತ್ರ ಇಟ್ಟಳು. ಸೆನ್ಸೇ ಕನ್ನಡಕ ಹಣೆಗೇರಿಸಿ ನೋಡಿದರು. ಪಕ್ಕದಲ್ಲಿ ಶಿಫಾರಸು ಪತ್ರ ಇತ್ತು, ಅದರ ಪಕ್ಕ ಅವರ ಹೆಸರಿನ ಮೊಹರು, ಕೆಂಪು ಶಾಯಿಯ ಡಬ್ಬಿ.

"ಹೂಂ," ಎಂದರು.

"ಅಷ್ಟು ಜನ ಕುಳ್ಳರ ಮಧ್ಯೆ ಒಂದೇ ಒಂದು ಮಾಮೂಲಿ ಬೀಜ ತಾನಾಗೇ ಬಂದು ಕೂತ್ಕೊಳ್ಳುತ್ತಾ ಸೆನ್ಸೇ ಅಂತ..."

"ಏನು ಹೇಳ್ಬೇಕು ಅಂತಿದೀರಿ ಶಿಕಾಮಾ-ಸಾನ್?"

"ನಾನೇನೂ ಹೇಳ್ತಿಲ್ಲ. ಬಿತ್ತಿದ್ದು ಅವರು, ಮೊದಲು ನೋಡಿದ್ದೂ ಅವರೇ. ಅದೂ ಅರ್ಜಿ ಹಾಕೋ ಹೊತ್ತಿಗೆ ಸರಿಯಾಗಿ. ಅಷ್ಟೇ. ನಾನೇನೂ ಹೇಳ್ತಿಲ್ಲ."

ಸೆನ್ಸೇ ಮೊಹರನ್ನು ಎತ್ತಿಕೊಂಡರು. ಶಾಯಿಯ ಡಬ್ಬಿ ತೆರೆದರು. ಮುಚ್ಚಿದರು. ಮೊಹರನ್ನು ಅದರ ಪುಟ್ಟ ಪೆಟ್ಟಿಗೆಯೊಳಗೆ ಮಲಗಿಸಿ, "ಸರಿ, ಹೋಗಿ" ಎಂದರು. ಹೊರಗೆ ಬಂದಾಗ ಓಣಿಯ ತಿರುವಿನಲ್ಲಿ ಸ್ಲಿಪ್ಪರಿನ ಸದ್ದು ದೂರವಾಗುತ್ತಿತ್ತು. ಕುನಿಯೆ ಅದಕ್ಕೆ ಗಮನ ಕೊಡಲಿಲ್ಲ. ಅವಳ ಮನಸ್ಸು ಸೆನ್ಸೇಯ ಮೌನವನ್ನು ಹಿಡಿದುಕೊಂಡು ಕೂತಿತ್ತು. ಆಶ್ಚರ್ಯವೂ ಪಡಲಿಲ್ಲವಲ್ಲ ಅವರು. ಅವರಿಗೂ ಒಳಗೊಳಗೇ ಗುಮಾನಿ ಇತ್ತೇನೋ.

ನಾನೇನೂ ಹೇಳ್ತಿಲ್ಲ. ಈ ಮಾತನ್ನು ಹಿಂದೆ ಎಲ್ಲಿ ಆಡಿದ್ದೆ? ಜರಡಿಯನ್ನು ಮೇಜಿಗೆ ಮೂರು ಸಲ ತಟ್ಟುವಾಗ ನೆನಪಾಯಿತು. ಸೂರಿನ ಕೆಳಗೆ ದಾರಕ್ಕೆ ಪೋಣಿಸಿ ನೇತು ಹಾಕಿದ್ದ ಪರ್ಸಿಮನ್ ಹಣ್ಣುಗಳು. ಒಣಗಿ ಮೇಲೆ ಬಿಳಿ ಸಕ್ಕರೆ ಕಟ್ಟುವ ತನಕ ಯಾರೂ ಮುಟ್ಟುವಂತಿಲ್ಲ. ದಿನಾ ಎಣಿಸುವುದು ಒಂಬತ್ತು ವರ್ಷದ ಕುನಿಯೆಯ ಕೆಲಸ. ಒಂದು ದಿನ ಹನ್ನೆರಡರಲ್ಲಿ ಹನ್ನೊಂದೇ ಇದ್ದವು. ನಾನೇನೂ ಹೇಳ್ತಿಲ್ಲಮ್ಮ, ತೋಮಿಯೆ ಮಧ್ಯಾಹ್ನ ಇಲ್ಲೇ ಓಡಾಡ್ತಿದ್ದಳು, ಅಷ್ಟೇ. ಅಮ್ಮ ಏನೂ ಕೇಳದೆ ತಂಗಿಯ ಕೆನ್ನೆಗೆ ಬಾರಿಸಿದಳು. ಆರು ವರ್ಷದ ತೋಮಿಯೆ ಅಳಲಿಲ್ಲ, ಅಕ್ಕನನ್ನು ನೋಡಿದಳು. ಮಾರ್ಚಿನಲ್ಲಿ ಮನೆ ಗುಡಿಸುವಾಗ ಜಗಲಿಯ ಅಕ್ಕಿ ಡಬ್ಬದ ಹಿಂದೆ ಹಣ್ಣು ಸಿಕ್ಕಿತು, ಕಪ್ಪಾಗಿ, ಕಲ್ಲಿನಂತೆ. ದಾರ ಜಾರಿ ಬಿದ್ದು ಉರುಳಿಹೋಗಿತ್ತು ಅಷ್ಟೇ. ಕುನಿಯೆ ಅದನ್ನು ಲಂಗದಲ್ಲಿ ಮುಚ್ಚಿಕೊಂಡು ಹೋಗಿ ಹಳ್ಳಕ್ಕೆ ಎಸೆದು ಬಂದಳು. ತೋಮಿಯೆ ಈಗ ಸೆಂದಾಯ್‌ನಲ್ಲಿ ಮೊಮ್ಮಗನನ್ನು ಆಡಿಸುತ್ತಿದ್ದಾಳೆ, ಫೋನಿನಲ್ಲಿ ನಗುನಗುತ್ತಲೇ ಮಾತಾಡುತ್ತಾಳೆ, ಆದರೆ ಒಣ ಪರ್ಸಿಮನ್ ಕಳಿಸಲಾ ಎಂದರೆ ಮಾತ್ರ, ಬೇಡ ಅಕ್ಕ, ನಂಗದು ಸೇರಲ್ಲ, ಎನ್ನುತ್ತಾಳೆ. ಅದಕ್ಕೂ ಇದಕ್ಕೂ ಏನು ಸಂಬಂಧ? ಅದು ಹಣ್ಣು. ಇದು ಜೆಲ್ಲಿನ ಮೇಲೆ ಬೆಳ್ಳಗೆ ಕಂಡ ಗೆರೆ. ಕುನಿಯೆ ಜರಡಿಯನ್ನು ನಾಲ್ಕನೇ ಸಲ ತಟ್ಟಿದಳು.

ಎರಡು ಗಂಟೆಗೆ ಗಿಡಗಳ ತಿಥಿ. ಈ ಸೀಮೆಯಲ್ಲಿ ಹಳೆಯ ಕಾಲದಿಂದಲೂ ಮರ ಕಡಿದವರು ಕಡಿದ ಮರಕ್ಕಾಗಿ ಕಲ್ಲು ನಿಲ್ಲಿಸಿ ಕೈ ಮುಗಿಯುತ್ತ ಬಂದಿದ್ದಾರೆ. ಸಂಶೋಧನಾ ಕೇಂದ್ರದ ಹಿಂದಿನ ಪೈನ್ ಮರಗಳ ಕೆಳಗೂ ಮೊಣಕಾಲೆತ್ತರದ ಅಂಥದೊಂದು ಕಲ್ಲಿದೆ. ಪ್ರತಿ ನವೆಂಬರಿನಲ್ಲಿ, ಆ ವರ್ಷ ಪ್ರಯೋಗಕ್ಕೆಂದು ಬೆಳೆಸಿ ಕೊಂದ ಗಿಡಗಳ ಲೆಕ್ಕ ಓದಿ, ಧೂಪ ಹಾಕಿ, ಕ್ಷಮೆ ಕೇಳುತ್ತಾರೆ. ಕುನಿಯೆ ಕಪ್ಪು ಕೋಟು ತೊಟ್ಟಳು. ಹಿಮಮಿಶ್ರಿತ ಮಳೆ ಜಿನುಗುತ್ತಿದ್ದುದರಿಂದ ಉಣ್ಣೆ ಅಂಗಿಯನ್ನು ಒಳಗೆ ಹಾಗೆಯೇ ಬಿಟ್ಟಳು. ಗಾಜಿನಮನೆ ನೋಡಿಕೊಳ್ಳುವ ಮುದುಕ ಕುರಾಕಾಮಿ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ಮೂಲೆಗಳಿಗೆ ಕಲ್ಲು ಹೇರುತ್ತಿದ್ದ.

"ಏನ್ ಕುನಿಯೆಕ್ಕ, ಮುಖ ನೋಡಿದ್ರೆ ನಿಜವಾಗ್ಲೂ ಯಾರೋ ಹೋಗಿರೋ ಹಾಗಿದೆ?"

"ಹೋಗಿದಾರಲ್ಲ. ಮೂವತ್ತೆಂಟು ಸಾವಿರ."

"ಅಯ್ಯೋ, ಆ ಕುಳ್ಳರಿಗೆ ಇಷ್ಟೊಂದು ಸಂಕಟವಾ? ಹೋದ ವರ್ಷ ಯಾರೋ ಪುಣ್ಯಾತ್ಮರು ಸೇವಂತಿಗೆ ಕಿತ್ತು ತಂದಿದ್ರು ನೋಡು. ಗಿಡದ ತಿಥಿಗೆ ಗಿಡದ ಕತ್ತು ಕುಯ್ದು ತರೋದು! ನಾನು ಸತ್ರೆ ನನ್ನ ತಿಥಿಗೆ ಪಕ್ಕದ ಮನೆ ಮುದುಕನ್ನ ಕುಯ್ದು ತರ್ತೀರೋ ಏನೋ."

ಕುನಿಯೆಗೆ ನಗು ಬರಲಿಲ್ಲ. ಕುಯ್ದು ಎಂದನಲ್ಲ. ಇವನಿಗೂ ಏನಾದರೂ ಗೊತ್ತೆ? ಒರಿಹರ ಬಂದಳು, ಕಪ್ಪು ಉಡುಪಿನಲ್ಲಿ ಇನ್ನೂ ಸಣ್ಣಗೆ ಕಾಣುತ್ತ. ಕಣ್ಣು ಊದಿಕೊಂಡಿತ್ತು. ನಿದ್ದೆಗೆಟ್ಟಿದ್ದಾಳೆ, ತಪ್ಪು ಮಾಡಿದವರಿಗೆ ನಿದ್ದೆ ಎಲ್ಲಿಂದ, ಎಂದುಕೊಂಡಳು ಕುನಿಯೆ. ಒರಿಹರ ಬಗ್ಗಿ ನಮಸ್ಕರಿಸಿದಳು. ಎಂದಿಗಿಂತ ಒಂದು ಗಳಿಗೆ ಹೆಚ್ಚು ಹೊತ್ತು ಬಗ್ಗಿದಳೋ, ಕಡಿಮೆ ಹೊತ್ತೋ? ಕುನಿಯೆ ಅದನ್ನೂ ಮನಸ್ಸಿನಲ್ಲೇ ಅಳೆದಳು. ಸೆನ್ಸೇ ಲೆಕ್ಕ ಓದಿದರು. ದೇವಸ್ಥಾನದಿಂದ ಬಂದ ಭಿಕ್ಷು ಗಂಟೆ ಬಾರಿಸಿ ಸೂತ್ರ ಹೇಳತೊಡಗಿದ. ಒಬ್ಬೊಬ್ಬರಾಗಿ ಮುಂದೆ ಹೋಗಿ ಧೂಪದ ಪುಡಿಯನ್ನು ಚಿಟಿಕೆಯಲ್ಲಿ ತೆಗೆದು, ಹಣೆಯವರೆಗೆ ಎತ್ತಿ, ಕೆಂಡದ ಮೇಲೆ ಉದುರಿಸಬೇಕು. ಸೆನ್ಸೇಯ ನಂತರ ಕುನಿಯೆ, ಅವಳ ಹಿಂದೆ ಒರಿಹರ.

ಚಿಟಿಕೆ ಹಣೆಯ ಬಳಿ ಬಂದಾಗ ಕೋಟಿನ ತೋಳು ಹಿಂದೆ ಸರಿದು, ಒಳಗಿನ ಉಣ್ಣೆಯ ಜುಂಗು ಹೊರಗೆ ಇಣುಕಿತು. ಬಿಳಿ ಬಟ್ಟೆಯ ಮೇಲೆ ಏನೋ ಉದುರಿತು. ಧೂಪದ ಪುಡಿ ಎಂದುಕೊಂಡಳು. ಆದರೆ ಚಿಟಿಕೆ ಇನ್ನೂ ಬಿಗಿಯಾಗಿಯೇ ಇತ್ತು. ಬಗ್ಗಿ ನೋಡಿದಳು. ಪುಡಿ ಹೀಗೆ ದುಂಡಗಿರುವುದಿಲ್ಲ, ಹೀಗೆ ಒಂದೇ ಸಮನಾಗಿರುವುದಿಲ್ಲ. ಕಂದು ಬಣ್ಣದವು, ಏಳು. ಬೇರೆ ಯಾರಿಗಾದರೂ ಅದು ಕಸ. ಇಪ್ಪತ್ತೆರಡು ವರ್ಷ ಇದನ್ನೇ ನೋಡಿದ ಕಣ್ಣಿಗೆ ಕಸವೆಂದು ಸುಳ್ಳು ಹೇಳಿಕೊಳ್ಳಲಾಗಲಿಲ್ಲ. ಒಣಹವೆಯ ಚಳಿಗಾಲ, ಉಣ್ಣೆ, ಮುಟ್ಟಿದರೆ ಚಿಟಿಲ್ ಎನ್ನುವ ವಿದ್ಯುತ್ತು, ಅದಕ್ಕೆ ಅಂಟುವ ಬೀಜ. ಮಾಮೂಲಿ ತಳಿಯ ಬೀಜ ಸೋಸಿದ ಅದೇ ಮಧ್ಯಾಹ್ನ, ಅದೇ ಮೇಜಿನ ಮೇಲೆ, ಇದೇ ತೋಳಿನಿಂದ, ಫೆಬ್ರವರಿಯಲ್ಲಿ ಗಿಡ್ಡ ತಳಿಯ ಬೀಜವನ್ನು ಪೊಟ್ಟಣ ಕಟ್ಟಿದವಳು ತಾನು. ಒರಿಹರ ಬಿತ್ತಿದಳು, ಹೌದು. ತಾನು ಕಟ್ಟಿಕೊಟ್ಟದ್ದನ್ನು ಬಿತ್ತಿದಳು.

ಹೇಗೆ ಧೂಪ ಹಾಕಿ ಪಕ್ಕಕ್ಕೆ ಸರಿದಳೋ ನೆನಪಿಲ್ಲ. ಒರಿಹರ ಮುಂದೆ ಬಂದಳು. ಅವಳೂ ಬಟ್ಟೆಯ ಮೇಲೆ ಕಣ್ಣು ಹಾಯಿಸಿದಳು. ಧೂಪ ಹಾಕಿ ಕೈ ಮುಗಿದು, ಯಾರಿಗೂ ಕಾಣದ ಹಾಗೆ ಜೇಬಿನಿಂದ ನುಣುಪು ಕಾಗದದ ಚೂರೊಂದನ್ನು ತೆಗೆದು, ಬೆರಳಿನಿಂದ ಮೆಲ್ಲಗೆ ಏಳನ್ನೂ ಅದರೊಳಗೆ ತಳ್ಳಿ, ಬೀಜದ ಕೆಲಸದವರು ಮಡಿಸುವಂತೆ ಐದು ಮಡಿಕೆ ಮಡಿಸಿದಳು. ಸೂತ್ರ ಮುಗಿದು ಎಲ್ಲರೂ ಛತ್ರಿ ಬಿಚ್ಚುವಾಗ ಹತ್ತಿರ ಬಂದು, "ಶಿಕಾಮಾ-ಸಾನ್, ಇದು ನಿಮ್ದು" ಎಂದು ಕೈಯೊಳಗೆ ಇಟ್ಟು ಹೋದಳು. ಅಷ್ಟೇ. ದನಿಯಲ್ಲಿ ವ್ಯಂಗ್ಯವಿತ್ತೆ ಎಂದು ಕುನಿಯೆ ಹುಡುಕಿದಳು, ಅಭ್ಯಾಸಬಲ. ಏನೂ ಸಿಗಲಿಲ್ಲ.

ಮೂರೂವರೆ. ಬೀಜದ ಕೋಣೆಯ ಡ್ರಾಯರು ಎಳೆದು ತಳದಲ್ಲಿದ್ದ ಪೊಟ್ಟಣ ಹೊರತೆಗೆದಳು. ಬಿಳಿ ತೋಳುಚೀಲ. ಬೆರಳಾಡಿಸಿದರೆ ಗಾಜಿನಷ್ಟು ನುಣುಪು, ಒಂದು ನೂಲಿನ ಎಳೆಯೂ ಮೇಲೆದ್ದಿಲ್ಲ. ಮೂಲಂಗಿ ತೊಳೆಯುವ ಮುದುಕಿಯರದು ಹೂವಿನ ಚಿತ್ತಾರದ ಹತ್ತಿ ಬಟ್ಟೆಯದು, ಇಂಥದಲ್ಲ. ಇದನ್ನು ಎಲ್ಲಿಂದಲೋ ಹುಡುಕಿ ತರಿಸಿದ್ದಾಳೆ. ಆ ಹುಡುಗಿ ನೋಡುತ್ತಿದ್ದದ್ದು ತೋಳಿನ ಹರಕನ್ನಲ್ಲ, ತೋಳಿಗೆ ಅಂಟಿದ್ದನ್ನು. ಹಿರಿಯಳಿಗೆ ಬಾಯಿಬಿಟ್ಟು ಹೇಳಲಾರದೆ ಉಡುಗೊರೆಯ ಕೈಯಲ್ಲಿ ಹೇಳಿಸಿದ್ದಳು. ಮಾತು ಬಾಗಿಲವರೆಗೆ ಬಂದಿತ್ತು. ತಾನು ಕೇಳಿಸಿಕೊಳ್ಳಲಿಲ್ಲ, ಸೇಬು ಕೊಟ್ಟು ಕಳಿಸಿದಳು.

ಆದರೂ ಮನಸ್ಸು ಸುಮ್ಮನಿರಲಿಲ್ಲ. ಈ ಏಳು ಬೀಜ ಮಾಮೂಲಿ ತಳಿಯದೇ ಎಂದು ಹೇಗೆ ಹೇಳುವುದು? ಗಿಡ್ಡ ತಳಿಯದೇ ಇರಬಹುದಲ್ಲ. ಹಾಗಿದ್ದರೆ ತನ್ನ ಮೇಲೆ ಏನೂ ಬರುವುದಿಲ್ಲ. ತಿಳಿಯುವ ದಾರಿ ಸುಲಭ: ಒದ್ದೆ ಕಾಗದದ ಮೇಲಿಟ್ಟು ಕತ್ತಲಲ್ಲಿ ಐದು ದಿನ ಬಿಡಬೇಕು. ಮಾಮೂಲಿ ಮೊಳಕೆಗಳು ಬೆಳಕು ಹುಡುಕುತ್ತ ಸೆಟೆದು ಉದ್ದವಾಗುತ್ತವೆ, ಕುಳ್ಳರು ಕತ್ತಲಲ್ಲೂ ಕುಳ್ಳರೇ. ಪ್ರಮಾಣ ಸಿಕ್ಕ ಮೇಲೆ ಹೇಳಿದರಾಯಿತು. ಕೈ ತಾನಾಗಿ ಕೆಲಸಕ್ಕಿಳಿಯಿತು. ಗಾಜಿನ ಚಪ್ಪಟೆ ಬಟ್ಟಲು, ಕಾಗದ, ನಾಲ್ಕು ಹನಿ ನೀರು, ಚಿಮಟದಿಂದ ಏಳು ಬೀಜ. ಮುಚ್ಚಳ ಮುಚ್ಚಿ ಬೆಳ್ಳಿಕಾಗದ ಸುತ್ತುವಾಗ ಕೈ ನಿಂತಿತು. ಐದು ದಿನ. ಅಂಚೆ ಕಚೇರಿ ಮುಚ್ಚುವುದು ಇವತ್ತು ಐದು ಗಂಟೆಗೆ. ನನಗೆ ನಾನು ಐದು ದಿನದ ಸಾವಕಾಶ ಕೊಟ್ಟುಕೊಳ್ಳುತ್ತಿದ್ದೇನೆ. ಅವಳಿಗೆ ಎಷ್ಟು ಕೊಟ್ಟಿದ್ದೆ?

ಚೀಟಿ ಅಂಟಿಸದೆ ಯಾವುದನ್ನೂ ಇಲ್ಲಿ ಎತ್ತಿಡುವಂತಿಲ್ಲ. ತಳಿ, ಎಲ್ಲಿಂದ, ದಿನಾಂಕ, ಯಾರು. ಇಪ್ಪತ್ತೆರಡು ವರ್ಷದಲ್ಲಿ ಕುನಿಯೆ ಬೇಕಾದಷ್ಟು ಜನರ ಬಗ್ಗೆ ಬೇಕಾದ್ದು ಅಂದುಕೊಂಡಿದ್ದಾಳೆ, ಚೀಟಿಯ ಮೇಲೆ ಮಾತ್ರ ಒಂದು ಸುಳ್ಳಕ್ಷರ ಬರೆದಿಲ್ಲ. ಪೆನ್ನು ತೆಗೆದುಕೊಂಡಳು. 'ತಳಿ' ಎಂಬಲ್ಲಿ ಖಾಲಿ ಬಿಟ್ಟಳು, ನೋಡದೆ ಬರೆಯಕೂಡದು. 'ಎಲ್ಲಿಂದ' ಎಂಬಲ್ಲಿ ಸ್ವಲ್ಪ ಹೊತ್ತು ಪೆನ್ನಿನ ಮೊನೆ ನಿಂತು ಶಾಯಿಯ ಚುಕ್ಕೆಯಾಯಿತು. ಹಳ್ಳದ ನೀರಿನಲ್ಲಿ ಕಪ್ಪು ಹಣ್ಣು ಒಂದು ಸಲ ಮುಳುಗಿ, ಎದ್ದು, ಕಲ್ಲುಗಳ ನಡುವೆ ಹೋದದ್ದು ಕಂಡಿತು. ಬರೆದಳು: ಶಿಕಾಮಾ ಕುನಿಯೆಯ ಉಣ್ಣೆ ಅಂಗಿ, ಬಲತೋಳು. ದಿನಾಂಕ ಬರೆದಳು. 'ಯಾರು' ಎಂಬಲ್ಲಿ ಮತ್ತೆ ತನ್ನ ಹೆಸರು.

ಸೆನ್ಸೇ ಕಿಟಕಿಯ ಬಳಿ ನಿಂತಿದ್ದರು. ಪತ್ರ ಮೇಜಿನ ಮೇಲೆ ಅಲ್ಲೇ, ಮೊಹರಿಲ್ಲದೆ. ಕುನಿಯೆ ಅದರ ಪಕ್ಕ ಬಟ್ಟಲನ್ನು ಇಟ್ಟಳು. ಅವರು ಬಂದು ಚೀಟಿ ಓದಿದರು. ಎರಡನೇ ಸಲ ಓದಿದರು.

"ತಳಿ ಯಾವ್ದು?"

"ಇನ್ನೂ ಗೊತ್ತಿಲ್ಲ ಸೆನ್ಸೇ. ಐದು ದಿನ ಆಗುತ್ತೆ."

"ಐದು ದಿನ."

"ಬೆಳಿಗ್ಗೆ ನಾನು ಐದು ನಿಮಿಷಾನೂ ಕಾಯ್ಲಿಲ್ಲ." ಬಟ್ಟಲನ್ನು ಅವರತ್ತ ಸರಿಸಿದಳು. "ಅದು ನನ್ನ ತೋಳಿಂದ ಬಂದಿದ್ದು. ಒರಿಹರ-ಸಾನ್ ಏನೂ ಮಾಡಿಲ್ಲ."

ಸೆನ್ಸೇ ಕುರ್ಚಿಯಲ್ಲಿ ಕೂತರು. "ನಿನ್ನೆ ಮಧ್ಯಾಹ್ನವೇ ಒರಿಹರ ಬಂದಿದ್ದಳು," ಎಂದರು. "ಯಾಕೋ ನಂಬಿಕೆ ಬರ್ಲಿಲ್ಲ ಅಂತ ತಾನೇ ಒಂದು ಎಲೆ ಕೊಯ್ದು ಪರೀಕ್ಷೆ ಮಾಡಿದಳಂತೆ. ಇದು ಮಾಮೂಲಿ ಗಿಡ ಸೆನ್ಸೇ, ತಪ್ಪು ನನ್ನಿಂದಲೇ ಆಗಿದೆ, ಪತ್ರದಲ್ಲಿ ಇದರ ಸಾಲು ತೆಗೆದುಬಿಡಿ ಅಂದಳು. ತೆಗೆದೆ. ಬೇರೆ ಪತ್ರ ಬರೆದೆ." ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ತಪ್ಪಾಗಿದೆ ಅಂತ ಅವಳು ಹೇಳಿದಳು. ಬೇಕಂತ ಮಾಡಿದ್ದು ಅನ್ನೋದನ್ನ ನೀವು ಹೇಳಿದ್ರಿ."

ನಾನೇನೂ ಹೇಳಲಿಲ್ಲ ಎಂಬ ಮಾತು ಕುನಿಯೆಯ ನಾಲಿಗೆಯ ತುದಿವರೆಗೆ ಬಂತು.

"ಹೌದು," ಎಂದಳು. "ನಾನೇ ಹೇಳಿದ್ದು."

ಸೆನ್ಸೇ ಮೊಹರು ತೆಗೆದು, ಬಾಯಿಂದ ಹಾ ಎಂದು ಬಿಸಿಯುಸಿರು ಬಿಟ್ಟು, ಶಾಯಿಗೆ ಒತ್ತಿ, ತಮ್ಮ ಹೆಸರಿನ ಪಕ್ಕ ನಿಧಾನವಾಗಿ ಒತ್ತಿದರು. ಲಕೋಟೆ ಅಂಟಿಸಿ ಅವಳ ಮುಂದೆ ಹಿಡಿದರು. "ನಾಲ್ಕೂವರೆ ಆಯ್ತು. ನಂಗೆ ಈ ಕೆಸರಲ್ಲಿ ಓಡೋಕಾಗಲ್ಲ. ನೀವು ಹೋಗ್ತೀರಾ?" ಲಕೋಟೆಯನ್ನು ಎರಡು ಕೈಯಲ್ಲಿ ತೆಗೆದುಕೊಳ್ಳುವಾಗ ಒಂದು ಕ್ಷಣ ಅವಳಿಗೆ ತನ್ನ ಕೈಗಳ ಮೇಲೇ ನಂಬಿಕೆ ಬರಲಿಲ್ಲ. ಉಣ್ಣೆ ಅಂಗಿ ಕಳಚಿ ಬೀಜದ ಕೋಣೆಯ ಹೊರಗಿನ ಮೊಳೆಗೆ ಸಿಕ್ಕಿಸಿ, ತೆಳು ಒಳಂಗಿಯ ಮೇಲೆ ಕೋಟೊಂದನ್ನೇ ಹಾಕಿಕೊಂಡು ಇಳಿಜಾರಿನಲ್ಲಿ ಓಡಿದಳು. ಲಕೋಟೆಯನ್ನು ಎದೆಗೆ ಒತ್ತಿ ಹಿಡಿದಿದ್ದಳು. ಅಂಚೆಯವನು ಅದರ ಮೇಲೆ ಅವತ್ತಿನ ಮುದ್ರೆ ಒತ್ತುವುದನ್ನು ಕಣ್ಣಾರ ನೋಡಿ, ಸರಿಯಾಗಿ ಬಿದ್ದಿದೆಯೇ ಎಂದು ಮತ್ತೊಂದು ಸಲ ಕೇಳಿ ಬೈಸಿಕೊಂಡು, ಹೊರಗೆ ಬಂದಾಗ ಹಲ್ಲು ಕಟಕಟಿಸುತ್ತಿತ್ತು.

ಮಂಗಳವಾರ ಮಧ್ಯಾಹ್ನ ಬೆಳ್ಳಿಕಾಗದ ಬಿಚ್ಚಿದಳು. ಏಳರಲ್ಲಿ ಆರು ಮೊಳೆತಿದ್ದವು. ಆರೂ ಉದ್ದ, ಬಿಳಿಚಿಕೊಂಡು, ತಲೆ ಬಾಗಿಸಿ ನಿಂತಿದ್ದವು. ಅವುಗಳಲ್ಲಿ ಒಂದಾದರೂ ಕುಳ್ಳಗಿರಬಾರದಿತ್ತೇ ಎಂದು ಈಗಲೂ ಆಸೆಪಟ್ಟ ತನ್ನ ಮನಸ್ಸಿನ ಮೇಲೆ ಅವಳಿಗೆ ನಾಚಿಕೆಯಾಯಿತು. ಅಳತೆಗೋಲು ಇಟ್ಟು ಎಲ್ಲಕ್ಕಿಂತ ಉದ್ದದ್ದನ್ನು ಅಳೆದಳು. ಹದಿನಾಲ್ಕು ಮಿಲಿಮೀಟರು ಎಂದು ಬರೆದಳು. ಕೈಗೆ ಬಿಳಿಯ ತೋಳುಚೀಲ ಇತ್ತು, ಎಲಾಸ್ಟಿಕ್ ಇನ್ನೂ ಬಿಗಿ. ಬಾಗಿಲಲ್ಲಿ ಒರಿಹರ ನಿಂತಿದ್ದಳು. ಅವಳ ಕಣ್ಣು ಯಾವತ್ತಿನಂತೆ ತೋಳಿಗೇ ಬಿತ್ತು, ಅಲ್ಲೇ ನಿಂತಿತು.

"ಒರಿಹರ-ಸಾನ್," ಎಂದಳು ಕುನಿಯೆ ಎದ್ದು ನಿಂತು. "ಆವತ್ತು ಬೆಳಿಗ್ಗೆ ನಾನು ಸೆನ್ಸೇ ಹತ್ರ ನಿಮ್ಮ ಬಗ್ಗೆ..."

"ಗೊತ್ತು."

"ಸೆನ್ಸೇ ಹೇಳಿದ್ರಾ?"

"ಇಲ್ಲ. ಬಾಗಿಲು ತೆರೆದಿತ್ತು."

ಅಂದರೆ ಎಲ್ಲ ಕೇಳಿಸಿಕೊಂಡ ಮೇಲೆಯೇ ಆ ಹುಡುಗಿ ಕಪ್ಪು ಉಡುಪು ತೊಟ್ಟು ಬಂದು ತನಗೆ ನಮಸ್ಕರಿಸಿದ್ದಳು. ಎಲ್ಲ ಗೊತ್ತಿದ್ದೇ ಆ ಏಳು ಬೀಜಗಳನ್ನು ಭಿಕ್ಷುವಿನ ಮುಂದೆ, ಸೆನ್ಸೇಯ ಮುಂದೆ, ಯಾರಿಗೂ ಕಾಣದಂತೆ ಮಡಿಸಿ ಕೊಟ್ಟಿದ್ದಳು. ಕುನಿಯೆ ಸೊಂಟ ಬಗ್ಗಿಸಿದಳು. ಹಣೆ ಮೇಜಿಗೆ ತಾಗುವಷ್ಟು ಬಗ್ಗಿದಳು.

"ಏಳಿ, ಶಿಕಾಮಾ-ಸಾನ್. ಈಗ ಏನೂ ಹೇಳ್ಬೇಡಿ. ನಂಗಿನ್ನೂ ಸಿಟ್ಟಿದೆ." ಒರಿಹರ ಹೊಸ್ತಿಲು ದಾಟಿದಳು. "ನನ್ನ ಮೇಲೂ ಇದೆ. ಹೋದ ಡಿಸೆಂಬರಲ್ಲೇ ನಿಮ್ಮ ತೋಳಲ್ಲಿ ಬೀಜ ನೋಡಿದ್ದೆ. ಒಂದು ಮಾತು ಹೇಳೋದು ಬಿಟ್ಟು ಉಡುಗೊರೆ ಕಟ್ಟಿಸ್ಕೊಂಡು ಬಂದೆ."

ಹೊರಗೆ ಕುರಾಕಾಮಿ ಯಾರನ್ನೋ ಗಟ್ಟಿಯಾಗಿ ಬೈಯುತ್ತ ಹಿಮ ಎಳೆಯುತ್ತಿದ್ದ. ಒರಿಹರ ಮೇಜಿನ ಹತ್ತಿರ ಬಂದು ಬಟ್ಟಲಿನತ್ತ ಬಗ್ಗಿ ಮೊಳಕೆಗಳನ್ನು ಎಣಿಸಿದಳು.

ಕುನಿಯೆ ಅಳತೆಗೋಲನ್ನು ಅವಳ ಮುಂದೆ ಹಿಡಿದಳು. "ಒಂದ್ಸಲ ಅಳೀರಿ."

ಒರಿಹರ ತೆಗೆದುಕೊಂಡಳು. ಉಸಿರು ಹಿಡಿದು, ಮೊಳಕೆಯ ಬುಡಕ್ಕೆ ಅಂಚು ತಾಗಿಸಿ, ಕಣ್ಣನ್ನು ಅದರ ಮಟ್ಟಕ್ಕೆ ಇಳಿಸಿ ನೋಡಿದಳು.

"ಹದಿಮೂರೂವರೆ," ಎಂದಳು. ಮೊದಲ ಸಲ ಗಟ್ಟಿಯಾಗಿ ಹೇಳಿದಳು.

ಕುನಿಯೆ ತಾನು ಬರೆದದ್ದನ್ನು ಒಂದು ಗೆರೆ ಎಳೆದು ಹೊಡೆದು, ಹದಿಮೂರೂವರೆ ಎಂದು ಬರೆದಳು. ಆಮೇಲೆ ಚೀಟಿಯನ್ನು ಹತ್ತಿರಕ್ಕೆ ಎಳೆದುಕೊಂಡು, ಖಾಲಿ ಬಿಟ್ಟಿದ್ದ ಜಾಗದಲ್ಲಿ ತಳಿಯ ಹೆಸರು ತುಂಬಿದಳು.